ಜಪಾನಿನ ರೇವುಗಳಲ್ಲಿ ಸಂತ ಫ್ರಾನ್ಸಿಸ್ ಝೇವಿಯರರು

ಭಾಗ್ಯನಗರದಿಂದ ಹಳೆಯ ಗೋವೆಗೆ ಯಾತ್ರೆ ಹೊರಡುವ ನಮಗೆ ಕೊಪ್ಪಳದ ರೈಲುಹಾದಿಯೇ ಹಾದಿ. ಅಲ್ಲಿ ಯಾರ ಪವಿತ್ರ ಶರೀರಕ್ಕೆ ಕೈಮುಗಿಯುತ್ತೇವೆಯೋ ಆ ಮಹನೀಯರು ಗೋವೆಯಿಂದ ಮುಂದೆ ಜಪಾನಿನವರೆಗೂ ಕಡಲಯಾನ ಮಾಡಿದ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

1506ರಲ್ಲಿ ನವಾರ್ ರಾಜ್ಯದಲ್ಲಿ ಜನಿಸಿ, 1542ರಲ್ಲಿ ಗೋವೆಗೆ ಬಂದ ಯೇಸುಸಭೆಯ ಈ ಗುರುಗಳು 1547ರಲ್ಲಿ ಮಲಾಕ್ಕಾದಲ್ಲಿ ಅಂಜಿರೊ ಎಂಬ ಜಪಾನೀಯನನ್ನು ಕಂಡರು. ಕೊಲೆ ಮಾಡಿ ಊರು ತೊರೆದು, ಮನಶ್ಶಾಂತಿಯನ್ನರಸಿ ಬಂದವನಾತ. ಮರುವರ್ಷ ಗೋವೆಯಲ್ಲಿ ದೀಕ್ಷಾಸ್ನಾನ ಹೊಂದಿ ಪೌಲನೆನಿಸಿದ. ಸಂತರಿಗೆ ದಾರಿ ತೋರಿದವನು ಇಂತಹ ಪಶ್ಚಾತ್ತಾಪಿಯೆಂಬುದು ನಮಗೆ ಬಲು ಅರ್ಥವತ್ತಾಗಿ ತೋರುತ್ತದೆ.

1549ರ ಏಪ್ರಿಲ್‌ನಲ್ಲಿ ಗೋವೆ ಬಿಟ್ಟ ಅವರಿಗೆ ಮಲಾಕ್ಕಾದಿಂದ ಮುಂದಕ್ಕೆ ದೊರೆತದ್ದು ಚೀನೀಯರ ಹಾಯಿಹಡಗು. ನಾವಿಕರು ಮಾತುಮಾತಿಗೂ ವಿಗ್ರಹದ ಮುಂದೆ ಶಕುನ ನೋಡುವರು. ಬಿರುಗಾಳಿಯಲ್ಲಿ ಹಡಗಿನೊಡೆಯನ ಮಗಳು ಕಡಲುಪಾಲಾದಳು. ಚಳಿಗಾಲವನ್ನು ಚೀನಾದಲ್ಲೇ ಕಳೆಯಲು ಹವಣಿಸಿದ ಆತ, ಕಡಲ್ಗಳ್ಳರ ಭಯದಿಂದ ಮನಸ್ಸು ಬದಲಿಸಿದ. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ದಿನವೇ, ಅಂಜಿರೊವಿನ ಹುಟ್ಟೂರು ಕಾಗೊಶಿಮಾ ಕಾಣಿಸಿತು.

ಅಲ್ಲಿಂದ ಹಿರಾಡೊ, ಯಾಮಾಗುಚಿ; ಹಿಮ ತುಳಿಯುತ್ತ ರಾಜಧಾನಿ ಕ್ಯೋಟೊ. ಯುದ್ಧದಿಂದ ಪಾಳುಬಿದ್ದಿದ್ದ ಆ ನಗರದಲ್ಲಿ ಚಕ್ರವರ್ತಿಯ ದರ್ಶನ ದೊರೆಯಲಿಲ್ಲ. ಬಡ ಉಡುಪು ಅಲ್ಲಿ ತಿರಸ್ಕಾರಕ್ಕೆ ಕಾರಣವಾದುದನ್ನರಿತು, 1551ರಲ್ಲಿ ಒಳ್ಳೆಯ ಉಡುಪು ಧರಿಸಿ, ಗಡಿಯಾರವೇ ಮೊದಲಾದ ಕಾಣಿಕೆಗಳೊಡನೆ ಯಾಮಾಗುಚಿಯ ಪ್ರಭುವನ್ನು ಕಂಡು ಬೋಧಿಸುವ ಅನುಮತಿ ಪಡೆದರು.

ಅತಿ ದೊಡ್ಡ ತೊಡಕು ಭಾಷೆಯದು. ಹೆಚ್ಚು ಓದಿಲ್ಲದ ಅಂಜಿರೊ ದೇವರನ್ನು ದೈನಿಚಿ ಎಂದು ಅನುವಾದಿಸಿದ್ದ. ಅದು ಅಲ್ಲಿನ ಒಂದು ಬೌದ್ಧ ಪಂಥದ ಬುದ್ಧನ ಹೆಸರು. ವಿಷಯ ತಿಳಿದೊಡನೆ ಝೇವಿಯರರು ಆ ಪದವನ್ನು ಕೈಬಿಟ್ಟು, ಲತೀನಿನ ದೇವುಸ್ ಎಂಬುದನ್ನೇ ಬಳಸಿದರು. ನಮ್ಮ ಸೀಮೆಯಲ್ಲಿ ದೇವರು ಎಂಬ ತಾಯ್ನುಡಿಯ ಮಾತಿನಲ್ಲೇ ಪ್ರಾರ್ಥಿಸುವ ನಾವು ಈ ಭಾಗ್ಯವನ್ನು ಎಣಿಸುವುದೇ ಇಲ್ಲ!

ಇನ್ನೂ ಕಠಿಣವಾದುದು ಹೊಸ ವಿಶ್ವಾಸಿಗಳ ಕಣ್ಣೀರು. ಸುವಾರ್ತೆ ಕೇಳದೆಯೇ ತೀರಿಹೋದ ತಮ್ಮ ತಂದೆತಾಯಿಗಳಿಗೆ ರಕ್ಷಣೆಯಿಲ್ಲವೇ ಎಂದು ಅವರು ಗೋಳಿಡುತ್ತಿದ್ದರು. ಆ ಕಾಲದ ಬೋಧನೆಯಂತೆ ಸಂತರು ಕೊಟ್ಟ ಉತ್ತರ ಕಠೋರವಾದುದು. ಆದರೂ ಅವರ ದುಃಖ ಕಂಡು ತಾವೂ ನೊಂದುದನ್ನು ಪತ್ರದಲ್ಲಿ ಮರೆಮಾಚಲಿಲ್ಲ. ಸ್ವಂತ ತಪ್ಪಿಲ್ಲದೆ ಸುವಾರ್ತೆಯನ್ನರಿಯದೆ, ಮನಸ್ಸಾಕ್ಷಿಯಂತೆ ದೇವರನ್ನರಸಿದವರೂ ರಕ್ಷಣೆ ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಹಿರಿಯರ ಸಮಾಧಿಗೆ ಹೂವಿಡುವ ನಮಗೆ ಇದು ಸಣ್ಣ ಸಾಂತ್ವನವಲ್ಲ.

1551ರ ನವೆಂಬರಿನಲ್ಲಿ ಬುಂಗೊ ಸೀಮೆಯಿಂದ ಹಡಗೇರಿದ ಝೇವಿಯರರು 1552ರ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ ಪ್ರಭುವಿನಲ್ಲಿ ಲೀನವಾದರು. ಜೊತೆಗೆ ಹೋಗಿದ್ದ ಸ್ವಾಮಿ ಕೋಸ್ಮೆ ದೆ ತೋರೆಸರು ಜಪಾನಿನಲ್ಲೇ ಉಳಿದು, 1570ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು.