ವಲಸಿಗರ ಪರವಾಗಿ ವಾದಿಸಿದ ಬಿಷಪರು: ಸಂತ ಸ್ಕಲಬ್ರೀನಿ

ಉತ್ತರ ಇಟಲಿಯ ಕೋಮೊ ನಗರದ ಸಮೀಪದಲ್ಲಿರುವ ಫೀನೊ ಮೊರ್ನಾಸ್ಕೊ ಗ್ರಾಮದಲ್ಲಿ 1839ರ ಜುಲೈ 8ರಂದು ಜೊವಾನ್ನಿ ಬತ್ತಿಸ್ತ ಸ್ಕಲಬ್ರೀನಿಯವರು ಜನಿಸಿದರು. 1863ರಲ್ಲಿ ಗುರುದೀಕ್ಷೆ ಪಡೆದು, 1876ರಲ್ಲಿ, ಇನ್ನೂ ಮೂವತ್ತಾರರ ಪ್ರಾಯದಲ್ಲಿಯೇ, ಪಿಯಾಚೆಂಜಾದ ಬಿಷಪರಾದರು. 1879–80ರ ಕ್ಷಾಮದ ಚಳಿಗಾಲದಲ್ಲಿ ಹಸಿದವರಿಗೆ ಉಣಬಡಿಸಲು ತಮ್ಮ ಬಂಡಿಯ ಕುದುರೆಗಳನ್ನೂ ಮಾರಿಬಿಟ್ಟರು. ಆದರೆ ಧರ್ಮಸಭೆ ಅವರನ್ನು ವಿಶೇಷವಾಗಿ ಸ್ಮರಿಸುವುದು ವಲಸಿಗರಿಗಾಗಿ ಅವರು ಮಾಡಿದ ಸೇವೆಗಾಗಿ.

ಒಮ್ಮೆ ಮಿಲಾನ್ ರೈಲು ನಿಲ್ದಾಣದಲ್ಲಿ ಮುನ್ನೂರು ನಾನೂರು ಮಂದಿ ಬಡ ರೈತರು, ಮುದುಕರು, ಎಳೆಗೂಸುಗಳನ್ನೆತ್ತಿದ ತಾಯಂದಿರು ಗಂಟುಮೂಟೆಗಳೊಡನೆ ಕುಳಿತಿದ್ದುದನ್ನು ಅವರು ಕಂಡರು. ಅವರೆಲ್ಲ ಅಮೆರಿಕ ಖಂಡಕ್ಕೆ ಹೊರಟವರು. ಈ ದೃಶ್ಯ ಬಿಷಪರ ಮನಸ್ಸನ್ನು ಬಿಡಲಿಲ್ಲ. ವಿಚಾರಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಈ ಜನರನ್ನು ಊರು ಬಿಡಿಸಿದ್ದು ಹಸಿವು ಮಾತ್ರವಲ್ಲ; ತಲೆಗಿಷ್ಟೆಂದು ದಲ್ಲಾಳಿ ಹಣ ಪಡೆದು ಹಳ್ಳಿಹಳ್ಳಿ ತಿರುಗುತ್ತಿದ್ದ ಏಜೆಂಟರೂ ಇದಕ್ಕೆ ಕಾರಣರಾಗಿದ್ದರು. ಓದು ಬಾರದ ರೈತನು ತಾನು ಹೆಬ್ಬೆಟ್ಟೊತ್ತಿದ ಕರಾರಿನಲ್ಲಿ ಏನಿದೆಯೆಂದು ಅರಿಯನು. ಮೋಸಹೋದಾಗ ದೂರು ಕೊಡುವ ಬಗೆಯನ್ನೂ ತಿಳಿಯನು.

ಇಂಥವರಿಗೆ ಅನುಕಂಪವೊಂದೇ ಸಾಲದು, ಕಾನೂನಿನ ರಕ್ಷಣೆಯೂ ಬೇಕೆಂಬುದನ್ನು ಸ್ಕಲಬ್ರೀನಿಯವರು ಮನಗಂಡರು. 1887ರಲ್ಲಿ ವಲಸಿಗರ ಆತ್ಮಿಕ ಸೇವೆಗಾಗಿ ಗುರುಗಳ ಸಭೆಯೊಂದನ್ನು ಸ್ಥಾಪಿಸಿದರು. 1889ರಲ್ಲಿ, ಪ್ರಯಾಣಿಕನಾದ ತೋಬಿಯಾಸನಿಗೆ ಜೊತೆಗಾರನಾದ ದೇವದೂತನ ಹೆಸರಿನಲ್ಲಿ, ಶ್ರೀಸಾಮಾನ್ಯ ಕ್ರೈಸ್ತರ ಸಂತ ರಫಾಯೆಲ್ ಸಂಘವು ಹುಟ್ಟಿತು. ಮಾರ್ಕ್ವಿಸ್ ವೋಲ್ಪೆ ಲಾಂದಿಯವರು ಅದರ ಅಧ್ಯಕ್ಷರು. ಬಂದರುಗಳಲ್ಲಿ ವಲಸಿಗರನ್ನು ಎದುರುಗೊಂಡು, ಸಲಹೆ ನೀಡಿ, ವಂಚಕರಿಂದ ಕಾಪಾಡಿ, ಅಗತ್ಯಬಿದ್ದಾಗ ಕಾನೂನಿನ ನೆರವು ಒದಗಿಸುವುದು ಸಂಘದ ಕೆಲಸವಾಗಿತ್ತು. ಜೆನೋವಾ ಬಂದರಿನಲ್ಲಿ ಸ್ವಾಮಿ ಮಾಲ್ದೊತ್ತಿಯವರು 1894ರಿಂದ ಏಜೆಂಟರನ್ನೂ ಸುಲಿಗೆಕೋರ ವಸತಿಗೃಹದವರನ್ನೂ ಎದುರುಹಾಕಿಕೊಂಡು ದುಡಿದರು. ಅತ್ತ ನ್ಯೂಯಾರ್ಕಿನಲ್ಲಿ 1891ರಿಂದ ಸ್ವಾಮಿ ಬಂದೀನಿಯವರು, ಬಂದರಿನಲ್ಲಿ ತಡೆಹಿಡಿಯಲ್ಪಟ್ಟವರ ಪರವಾಗಿ ಅಧಿಕಾರಿಗಳೊಡನೆ ಮಾತನಾಡುತ್ತಿದ್ದರು.

1888ರ ವಲಸೆ ಕಾಯಿದೆಯು ಏಜೆಂಟರಿಗೆ ಪರವಾನಗಿ ಕೊಟ್ಟು ಜನರನ್ನು ಸೇರಿಸಲು ಅವಕಾಶವಿತ್ತಿತ್ತು. ಸ್ವಇಚ್ಛೆಯಿಂದ ಹೋಗುವವನನ್ನು ತಡೆಯಬಾರದು, ಆದರೆ ಲಾಭಕ್ಕಾಗಿ ಇತರರನ್ನು ಹೊರಡಿಸುವ ಹಕ್ಕು ಯಾರಿಗೂ ಇರಕೂಡದು ಎಂಬುದು ಬಿಷಪರ ವಾದ. 1870ರಲ್ಲಿ ರೋಮ್ ನಗರ ಕೈತಪ್ಪಿದ ಬಳಿಕ ಧರ್ಮಸಭೆಗೂ ಇಟಲಿಯ ಸರ್ಕಾರಕ್ಕೂ ಮನಸ್ತಾಪವಿದ್ದ ಕಾಲವದು. ಆಗ ಬಿಷಪರೊಬ್ಬರು ಸಂಸತ್ತಿನ ಮಸೂದೆಯನ್ನು ಪರಾಮರ್ಶಿಸಿ ಪುಸ್ತಿಕೆ ಬರೆದದ್ದು ಸಣ್ಣ ಧೈರ್ಯವೇನಲ್ಲ! ಹನ್ನೆರಡು ವರ್ಷ ಅವರು ಇದೇ ಮಾತನ್ನು ನಗರನಗರಗಳಲ್ಲಿ ಸಾರಿದರು. ಕೊನೆಗೆ 1901ರ ಜನವರಿ 31ರ ಕಾಯಿದೆಯು ಏಜೆಂಟರ ಪದ್ಧತಿಯನ್ನು ತೆಗೆದುಹಾಕಿ, ವಲಸಿಗರನ್ನು ಸಾಗಿಸುವ ಹಡಗು ಕಂಪನಿಗಳನ್ನೇ ಹೊಣೆಗಾರರನ್ನಾಗಿಸಿತು. ವಲಸಿಗರ ದೂರುಗಳನ್ನು ತೀರ್ಮಾನಿಸಲು ಪ್ರಾಂತಗಳಲ್ಲಿ ಪಂಚಾಯಿತಿ ಮಂಡಲಿಗಳನ್ನು ನೇಮಿಸಿತು.

ಅದೇ ವರ್ಷ ಅವರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ, 1904ರಲ್ಲಿ ಬ್ರೆಜಿಲಿಗೂ ತೆರಳಿ ತಮ್ಮ ಜನರನ್ನು ಕಂಡರು. ಅಲ್ಲಿಂದ ಮರಳಿದ ಮೇಲೆ, ಇಟಲಿಯವರಿಗಷ್ಟೇ ಅಲ್ಲದೆ ಎಲ್ಲ ದೇಶಗಳ ಕಥೋಲಿಕ ವಲಸಿಗರಿಗೂ ರೋಮಿನಲ್ಲಿ ಒಂದು ಆಯೋಗವಿರಬೇಕೆಂದು ಹತ್ತನೆಯ ಭಕ್ತಿನಾಥ ಜಗದ್ಗುರುಗಳಿಗೆ ಬಿನ್ನವಿಸಿಕೊಂಡರು. 1905ರ ಜೂನ್ 1ರಂದು ಅವರು ದೈವಾಧೀನರಾದರು. ವಲಸಿಗರಿಗಾಗಿ ರೋಮಿನಲ್ಲಿ ಪ್ರತ್ಯೇಕ ಕಚೇರಿ ತೆರೆದದ್ದು 1912ರಲ್ಲಿ. ಸ್ಕಲಬ್ರೀನಿಯವರಿಗೆ ಸಂತ ಪದವಿ ದೊರೆತದ್ದು 2022ರ ಅಕ್ಟೋಬರ್ 9ರಂದು.