ಲೂಯಿ ಬ್ರೈಲ್ ಮತ್ತು ಅಪ್ಪನ ಹತಾರ

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ಸಿಗೆ ಹತ್ತಿರದ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮು ಹೊಲಿಯುವವರು. ಬೋಧನಾಭ್ಯಾಸದಲ್ಲಿ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರ ಐದನೇ ತರಗತಿಗೆ ಈ ಜೀವನಕಥೆ ಹೇಳುವಾಗ ನಾನು ಲಿಪಿಯಿಂದ ಆರಂಭಿಸದೆ, ಆ ತಂದೆ ಕೆಲಸ ಮಾಡುತ್ತಿದ್ದ ಕೋಣೆಯಿಂದ ಆರಂಭಿಸಿದೆ. ತೊಗಲಿಗೆ ತೂತು ಹಾಕುವ ಹತಾರವನ್ನು ನಮ್ಮ ಮಕ್ಕಳು ನೋಡಿರಲಿಕ್ಕಿಲ್ಲ. ಆದರೆ ಶೇಂಗಾ, ಮೆಕ್ಕೆಜೋಳದ ಚೀಲ ಹೊಲಿಯುವ ದಬ್ಬಣವನ್ನು ಕೊಟ್ಟೂರು, ಹರಪನಹಳ್ಳಿ ಕಡೆ ನೋಡದ ಮಗು ಸಿಗುವುದು ಕಷ್ಟ.

ಮೂರು ವರ್ಷದ ಲೂಯಿ ಅಪ್ಪನಂತೆ ತಾನೂ ತೊಗಲು ಚುಚ್ಚಲು ಹೋದ. ಕೈ ಜಾರಿ ಮೊನೆ ಕಣ್ಣಿಗೆ ನೆಟ್ಟಿತು. ನಂಜು ತಡೆಯುವ ಇಂದಿನ ಔಷಧಗಳು ಆಗ ಇರಲಿಲ್ಲ. ಕ್ರಮೇಣ ಇನ್ನೊಂದು ಕಣ್ಣೂ ಕೆಟ್ಟು, ಐದರ ವಯಸ್ಸಿಗೆ ದೃಷ್ಟಿ ಪೂರಾ ಹೋಯಿತು.

ಇಲ್ಲಿ ಕಥೆ ನಿಲ್ಲಿಸಿದೆ. ತಪ್ಪು ಯಾರದೆಂದು ಕೇಳಲಿಲ್ಲ. ಕೇಳಿದರೆ ಮಕ್ಕಳು ತಟ್ಟನೆ ಲೂಯಿಯತ್ತ ಬೆರಳು ತೋರಿಸುತ್ತಾರೆ. ದೊಡ್ಡವರನ್ನು ನೋಡಿ ಮಾಡುವುದು ಆ ವಯಸ್ಸಿನ ಗುಣ. ಹತಾರ ಎಲ್ಲಿತ್ತು, ಎಲ್ಲಿರಬೇಕಿತ್ತು ಎಂದಷ್ಟೇ ಕೇಳಿದೆ. ಉತ್ತರಗಳು ಅವರವರ ಮನೆಯಿಂದ ಬಂದವು: ಕುಡುಗೋಲನ್ನು ಸೂರಿಗೆ ಸಿಕ್ಕಿಸಬೇಕು, ದಬ್ಬಣವನ್ನು ಚೀಲಕ್ಕೆ ಚುಚ್ಚಿ ಬಿಟ್ಟು ಏಳಬಾರದು, ಈಳಿಗೆಯನ್ನು ಗೋಡೆಗೆ ಮುಖಮಾಡಿ ಇಡಬೇಕು. ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ನೆಟ್ಟದ್ದನ್ನು ಕೀಳಬಾರದು, ಎದೆಹಾಲು, ಸೊಪ್ಪಿನ ರಸ ಏನನ್ನೂ ಹಾಕದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಮಾತ್ರ ನಾನೇ ಹೇಳಬೇಕಾಯಿತು.

ಮುಂದಿನದು ಬೇಗ ಸಾಗಿತು. ಲೂಯಿ 1819ರಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಶಾರ್ಲ್ ಬಾರ್ಬಿಯೆ ಎಂಬವರ 12 ಚುಕ್ಕಿಗಳ ಬರಹವನ್ನು 6ಕ್ಕೆ ಇಳಿಸಿ, ಅಕ್ಷರವೊಂದು ಬೆರಳ ತುದಿಗೆ ಒಮ್ಮೆಲೇ ಸಿಗುವಂತೆ ಮಾಡಿದಾಗ ಅವನಿಗೆ 15 ವರ್ಷ. 1829ರಲ್ಲಿ ಅದು ಪುಸ್ತಕವಾಯಿತು. ಅದೇ ಶಾಲೆಯಲ್ಲಿ ಶಿಕ್ಷಕರಾದ ಬ್ರೈಲ್, ಕ್ಷಯದಿಂದ 1852ರ ಜನವರಿ 6ರಂದು ತೀರಿಕೊಂಡರು. ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಇಂದು ನಮ್ಮ ಅಕ್ಷರಗಳೂ ಅದರಲ್ಲಿವೆ: ಅ ಎಂದರೆ ಒಂದು ಚುಕ್ಕಿ, ಕ ಎಂದರೆ ಎರಡು.

ಕಣ್ಣು ಹೋದದ್ದರಿಂದಲೇ ದೊಡ್ಡವರಾದರು ಎಂಬಂತೆ ಈ ಕಥೆ ಹೇಳುವ ರೂಢಿಯಿದೆ. ನನಗೆ ಒಪ್ಪಿಗೆಯಿಲ್ಲ. ಆ ಶಾಲೆಯಲ್ಲಿದ್ದ ಇತರರಿಗೂ ದೃಷ್ಟಿ ಇರಲಿಲ್ಲ. ಅವರ ಹೆಸರು ನಾವು ಯಾರೂ ಹೇಳುವುದಿಲ್ಲ. ಪಾಠ ಮುಗಿಸುತ್ತ, ಬ್ರೈಲ್ ಬರೆಯಲು ಕಾಗದಕ್ಕೆ ಚುಚ್ಚುವ ಕಡ್ಡಿಯೂ ಮೊನೆಯುಳ್ಳದ್ದೇ ಎಂದೆ. ಹಾಗಾದರೆ ಅದನ್ನು ಅವರು ಎಲ್ಲಿ ಇಡುತ್ತಿದ್ದರು ಎಂದು ಹಿಂದಿನ ಸಾಲಿನ ಹುಡುಗಿ ಕೇಳಿದಳು.