ಬಿಜಾಪುರದ ಪಾದಶಾಹ್ ಬೀಬಿ

ಬೇಗೂರಿನಿಂದ ಶಾಲಾ ಪ್ರವಾಸಕ್ಕೆಂದು ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಹೋದವರೆಲ್ಲ ಮೊದಲು ಓಡುವುದು ಗೋಳಗುಮ್ಮಟಕ್ಕೆ. ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿದ ಮೇಲೆ ಬಾರಾ ಕಮಾನಿಗೂ ಹೋಗಿ ಬನ್ನಿ. ಅರ್ಧಕ್ಕೇ ನಿಂತ ಆ ಕಪ್ಪು ಕಮಾನುಗಳ ನಡುವೆ ಎರಡನೆಯ ಅಲಿ ಆದಿಲ್ ಶಾಹನ ಗೋರಿ ಇದೆ. ನಾನು ಹೇಳಹೊರಟಿರುವುದು ಆತನ ಮಗಳು ಶಹರ್ ಬಾನುವಿನ ಜೀವನ. ಊರ ಜನ ಆಕೆಯನ್ನು ಪ್ರೀತಿಯಿಂದ ಪಾದಶಾಹ್ ಬೀಬಿ ಎನ್ನುತ್ತಿದ್ದರು.

ಅಲಿ 1672ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಸಿಕಂದರ್ ನಾಲ್ಕು ವರ್ಷದ ಕೂಸು. ಆಡಳಿತ ಸರದಾರರ ಪಾಲಾಯಿತು. ದಖನಿಗಳು, ಅಫಘಾನರು, ಹಬಶಿಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಉತ್ತರದಿಂದ ಮೊಗಲರು ಒತ್ತುತ್ತಿದ್ದರು. ಅವರೊಡನೆ ಆದ ಒಪ್ಪಂದದ ಕರಾರುಗಳಲ್ಲಿ ಒಂದು, ಸುಲ್ತಾನನ ಸಹೋದರಿಯನ್ನು ಔರಂಗಜೇಬನ ಮಗನಿಗೆ ಕೊಡಬೇಕೆಂಬುದು. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕೆಂಬುದು ನಮಗೆಲ್ಲ ಗೊತ್ತು. ಇಲ್ಲಿ ಮಾತ್ರ ಗಂಡಸರು ಮೊದಲೇ ಕರಾರು ಮುಗಿಸಿದ್ದರು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

1679ರಲ್ಲಿ ಮೊಗಲ್ ಸೇನಾಪತಿ ದಿಲೇರ್ ಖಾನ್ ಆಕೆಯನ್ನು ಕಳುಹಿಸಿರೆಂದು ಪಟ್ಟು ಹಿಡಿದ. ಕಳುಹಿಸಬೇಕೋ ಬೇಡವೋ ಎಂದು ಊರೊಳಗೇ ಕತ್ತಿ ಹಿರಿಯುವ ಹೊತ್ತು ಬಂತು. ಆಗ ಶಹರ್ ಬಾನು ತಾನೇ ಮುಂದೆ ಬಂದು, ತಮ್ಮವರೂ ರಾಜ್ಯವೂ ಉಳಿಯಲಿ ಎಂದು ಹೊರಡಲು ಒಪ್ಪಿದಳು. ಜುಲೈ 1ರಂದು ಆಕೆ ಕೋಟೆ ಬಿಟ್ಟಾಗ ಊರಿಗೆ ಊರೇ ಅತ್ತಿತು.

ಆದರೆ ದಿಲೇರ್ ಖಾನನ ಬೇಡಿಕೆಗಳು ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ ಆತ ಬಿಜಾಪುರದ ಮೇಲೆಯೇ ಬಂದ. ರಾಜಪ್ರತಿನಿಧಿ ಸಿದ್ದಿ ಮಸೂದ್ ಸಹಾಯ ಕೇಳಿದ್ದು ಯಾರಲ್ಲಿ ಗೊತ್ತೇ? ಶಿವಾಜಿಯಲ್ಲಿ. ಶಿವಾಜಿಯ ಕುದುರೆಪಡೆ ಬಂತು, ನವೆಂಬರ್‌ನಲ್ಲಿ ಮೊಗಲರು ಹಿಂದೆ ಸರಿದರು. ಅಂದಿನ ಯುದ್ಧಗಳನ್ನು ಇಂದಿನ ಜಗಳಗಳ ಕನ್ನಡಕದಲ್ಲಿ ನೋಡುವವರು ಇದನ್ನೂ ಓದಬೇಕು.

1681ರಲ್ಲಿ ಶಹಜಾದಾ ಮುಹಮ್ಮದ್ ಆಜಮ್‌ನೊಂದಿಗೆ ಆಕೆಯ ನಿಕಾಹ್ ಆಯಿತು. ಆ ಮನೆಯಲ್ಲಿ ಒಪ್ಪಂದಕ್ಕೆ ಬಲಿಯಾಗಿ ಬಂದ ಮೊದಲ ಸೊಸೆ ಈಕೆಯಲ್ಲ. ಅಸ್ಸಾಮಿನ ಅಹೋಮ್ ರಾಜಕುಮಾರಿ ರಮಣಿ ಗಾಭರು 1663ರ ಸಂಧಿಯ ಫಲವಾಗಿ ಬಂದು, 1668ರಲ್ಲಿ ರಹಮತ್ ಬಾನು ಎಂಬ ಹೆಸರಿನಿಂದ ಇದೇ ಆಜಮ್‌ನ ಕೈಹಿಡಿದಿದ್ದಳು. ಅವನ ಇನ್ನೊಬ್ಬ ಬೇಗಂ ಜಹಾನ್‌ಜೇಬ್ ಬಾನು, ಔರಂಗಜೇಬನೇ ಕೊಲ್ಲಿಸಿದ ಅಣ್ಣ ದಾರಾ ಶಿಕೋಹನ ಮಗಳು.

ಮುಂದಿನದು ಇನ್ನೂ ಕಠಿಣ. 1685ರಲ್ಲಿ ಬಿಜಾಪುರಕ್ಕೆ ಮತ್ತೆ ಮುತ್ತಿಗೆ ಬಿತ್ತು. ಆ ದಂಡಿನ ನಾಯಕತ್ವ ವಹಿಸಲು ಬಂದವನು ಆಜಮ್, ಶಹರ್ ಬಾನುವಿನ ಗಂಡ! ಪಾಳೆಯದಲ್ಲಿ ಅನ್ನವಿಲ್ಲದೆ ಜನ ಸತ್ತರೂ, ಹಿಂದಿರುಗಬಹುದೆಂದು ತಂದೆ ಹೇಳಿ ಕಳುಹಿಸಿದರೂ ಅವನು ಕದಲಲಿಲ್ಲ. 1686ರ ಜುಲೈನಲ್ಲಿ ಔರಂಗಜೇಬ್ ಖುದ್ದಾಗಿ ಬಂದ. ಸೆಪ್ಟೆಂಬರ್ 12ರಂದು ಹದಿನೆಂಟರ ಸಿಕಂದರ್ ಕೋಟೆಯಿಂದ ಇಳಿದು ಬಂದು ಶರಣಾದ. ಸುಮಾರು ಇನ್ನೂರು ವರ್ಷಗಳ ಆದಿಲ್ ಶಾಹಿ ಮುಗಿಯಿತು. ಯಾರನ್ನು ಉಳಿಸಲು ಶಹರ್ ಬಾನು ಹೊರಟಿದ್ದಳೋ ಆತನೇ ಮಾವನ ಕೈದಿಯಾದ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಪಿಂಚಣಿ, ಜೊತೆಗೆ ಸೆರೆವಾಸ.

ಸಿಕಂದರ್ 1700ರಲ್ಲಿ ಸಾತಾರಾ ಬಳಿಯ ಮೊಗಲ್ ಪಾಳೆಯದಲ್ಲಿ ಕಣ್ಣುಮುಚ್ಚಿದ, ವಯಸ್ಸು ಮೂವತ್ತೆರಡೂ ತುಂಬಿರಲಿಲ್ಲ. ಆಜಮ್ ತಂದೆಯ ನಂತರ ಸಿಂಹಾಸನಕ್ಕಾಗಿ ಕಾದಾಡಿ, 1707ರಲ್ಲಿ ಆಗ್ರಾ ಬಳಿಯ ಜಾಜೌನಲ್ಲಿ ಮಡಿದ. ಸಿಕಂದರನ ಕೊನೆಯ ಆಸೆಯಂತೆ ಅವನ ದೇಹವನ್ನು ಬಿಜಾಪುರಕ್ಕೆ ತಂದು ಮಣ್ಣು ಮಾಡಿದರು.